ಕೋಟೆ ಮಣ್ಣಿನಲ್ಲಿ ಸಿಗುವ ಸೈನಿಕರ ಗುಂಡಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ಅಂಗಿಯ ಬಟನ್ನಿಗೂ ಗುಂಡಿ ಅಂತೀವಿ, ನೆಲದಲ್ಲಿ ತೋಡಿದ ಹಳ್ಳಕ್ಕೂ ಗುಂಡಿ ಅಂತೀವಿ. ಹಳೇ ಕೋಟೆಗಳಲ್ಲಿ ಉತ್ಖನನ ಮಾಡುವವರಿಗೆ ಎರಡೂ ಬೇಕು. ಗುಂಡಿ ತೋಡಿದರೆ ಗುಂಡಿ ಸಿಗುತ್ತದೆ. ಮಣ್ಣು ಮೆತ್ತಿಕೊಂಡ, ಹಸಿರು ಬಣ್ಣಕ್ಕೆ ತಿರುಗಿದ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಬಿಲ್ಲೆ. ಇವುಗಳ ಬಗ್ಗೆ ನನ್ನನ್ನು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ ಜಾಸ್ತಿ ಬರುವುದು ಶ್ರೀರಂಗಪಟ್ಟಣ. ನನಗೆ ಹತ್ತಿರದ ಊರು, ಅದಕ್ಕೆ.

ಫಿರಂಗಿ, ಕತ್ತಿ ಎಲ್ಲಾ ಬಿಟ್ಟು ಒಂದು ಗುಂಡಿಗೆ ಯಾಕೆ ಇಷ್ಟು ಮಹತ್ವ?

ಕೋಟೆ ಬಿದ್ದ ದಿನವೇ ಬೆಲೆ ಬಾಳುವುದೆಲ್ಲ ಗೆದ್ದವರ ಪಾಲಾಗುತ್ತದೆ. ಕತ್ತಿ ಎತ್ತಿಕೊಂಡು ಹೋಗುತ್ತಾರೆ, ಫಿರಂಗಿಯನ್ನು ಗಾಡಿಗೆ ಹಾಕುತ್ತಾರೆ. ಗುಂಡಿ ಕಿತ್ತು ಬಿದ್ದರೆ ಯಾರು ಬಗ್ಗಿ ಹುಡುಕುತ್ತಾರೆ? ಅದು ಬಿದ್ದಲ್ಲೇ ಉಳಿಯುತ್ತದೆ. ಮಣ್ಣು, ಬೂದಿ, ಕಸ ಅದರ ಮೇಲೆ ಕೂರುತ್ತವೆ.

ಇನ್ನೊಂದು ಕಾರಣ, ಅದರ ಮೇಲಿರುವ ನಂಬರು. 1767ರಲ್ಲಿ ಬ್ರಿಟಿಷ್ ಸೇನೆ ಒಂದು ಆದೇಶ ಹೊರಡಿಸಿತು. ಪ್ರತಿ ಕಾಲಾಳು ರೆಜಿಮೆಂಟಿನ ಗುಂಡಿಯ ಮೇಲೆ ಆ ರೆಜಿಮೆಂಟಿನ ನಂಬರು ಇರಬೇಕು ಎಂದು. ಮುಂದಿನ ವರ್ಷದಿಂದ ಹಾಗೇ ಬಂತು. ಸೀಸದ ಗುಂಡಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಗುಂಡಿಯ ಮೇಲೆ ಇರುತ್ತದೆ. ಎರಡು ಸೆಂಟಿಮೀಟರಿನ ವಿಳಾಸ ಅನ್ನಿ.

ಗುಂಡಿಯ ಮೇಲೆ 74 ಅಂತ ಇದೆ. 1774ನೇ ಇಸವಿಯದ್ದಾ?

ಅಲ್ಲ. ಅದು 74ನೇ ಹೈಲ್ಯಾಂಡ್ ರೆಜಿಮೆಂಟ್. ಈ ತಪ್ಪು ಎಲ್ಲರೂ ಮಾಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಶ್ರೀರಂಗಪಟ್ಟಣದಲ್ಲಿ ಈ ನಂಬರುಗಳ ಆಟ ಚೆನ್ನಾಗಿರುತ್ತದೆ. ಕೋಟೆಗೆ ಎರಡು ದೊಡ್ಡ ಮುತ್ತಿಗೆ ಬಿತ್ತಲ್ಲ. 1792ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಬಂದ. 1799ರಲ್ಲಿ ಇನ್ನೊಬ್ಬ ಬ್ರಿಟಿಷ್ ಸೇನಾಪತಿ ಹ್ಯಾರಿಸ್ ಬಂದ, ಆ ವರ್ಷ ಮೇ 4ರಂದು ಟಿಪ್ಪು ಸತ್ತ. ಎರಡು ಸಲವೂ ಬಂದ ರೆಜಿಮೆಂಟುಗಳ ಪಟ್ಟಿ ಒಂದೇ ಅಲ್ಲ. 52 ಅಥವಾ 71 ಅಂತ ಇದ್ದರೆ ಮೊದಲ ಮುತ್ತಿಗೆಯ ಕಡೆ ಯೋಚಿಸಬೇಕು. 1799ರ ಹೊತ್ತಿಗೆ ಆ ಎರಡೂ ರೆಜಿಮೆಂಟುಗಳು ಭಾರತ ಬಿಟ್ಟಾಗಿತ್ತು. 33 ಅಂತ ಇದ್ದರೆ ಅದು ಆರ್ಥರ್ ವೆಲ್ಲೆಸ್ಲಿಯ ರೆಜಿಮೆಂಟ್. ಅದು ಭಾರತಕ್ಕೆ ಕಾಲಿಟ್ಟಿದ್ದೇ 1797ರಲ್ಲಿ. ಹಾಗಾಗಿ ಎರಡನೇ ಮುತ್ತಿಗೆ ಅಥವಾ ಆಮೇಲಿನದ್ದು.

ನಿಮ್ಮ 74 ಮಾತ್ರ ತಲೆನೋವು. ಅವರು ಎರಡು ಸಲವೂ ಇಲ್ಲಿದ್ದರು. ಅಂಥ ಗುಂಡಿ ನದಿಯ ಆಚೆ ಪಾಳೆಯದ ಜಾಗದಲ್ಲಿ ಸಿಕ್ಕಿತಾ, ಗೋಡೆ ಒಡೆದ ಜಾಗದಲ್ಲಿ ಸಿಕ್ಕಿತಾ, ಕೋಟೆಯೊಳಗಿನ ಕಸದ ಹೊಂಡದಲ್ಲಿ ಸಿಕ್ಕಿತಾ, ಅದರ ಮೇಲೆ ಕಥೆ ಬೇರೆ ಬೇರೆ ಆಗುತ್ತದೆ. 1792ರಲ್ಲಿ ಒಪ್ಪಂದ ಆಗಿ ಕೋಟೆ ಟಿಪ್ಪುವಿನ ಕೈಯಲ್ಲೇ ಉಳಿಯಿತು. ಆ ಸಲ ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆಯೊಳಗೆ ನುಗ್ಗಲಿಲ್ಲ. ಹಾಗಾಗಿ ಒಳಗಿನ ಹೊಂಡದಲ್ಲಿ ಸಿಕ್ಕಿದ 74 ಅಂದರೆ ಬಹುಮಟ್ಟಿಗೆ 1799ರ ಕಡೆಗೇ ಬೆರಳು ತೋರಿಸುತ್ತದೆ. ಕಿಸೆಗೆ ಹಾಕಿಕೊಂಡು ಬಂದು "ಇದು ಯಾವ ಕಾಲದ್ದು?" ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ಕೋಟೆಯೊಳಗೆ ಸಿಕ್ಕಿದ್ದೆಲ್ಲ ಯುದ್ಧದ ದಿನದ್ದೇ?

ಇಲ್ಲ, ಬಹುಪಾಲು ಯುದ್ಧದ ದಿನದ್ದಲ್ಲ. ಕಾಳಗ ಕೆಲವು ಗಂಟೆ ನಡೆಯುತ್ತದೆ. ಕಾವಲು ಪಡೆ ವರ್ಷಗಟ್ಟಲೆ ಇರುತ್ತದೆ. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಠಿಕಾಣಿ ಹೂಡಿತು. ಜ್ವರದ ಕಾಟ ತಡೆಯಲಾಗದೆ 1809ರಲ್ಲಿ ಠಾಣ್ಯ ಬೆಂಗಳೂರಿಗೆ ಹೋಯಿತು. ದಂಡು ಪ್ರದೇಶ ಹುಟ್ಟಿದ್ದು ಹೀಗೇ. ಆ ಹತ್ತು ವರ್ಷ ಸೈನಿಕರು ಇಲ್ಲಿ ಬಟ್ಟೆ ಒಗೆದರು, ಹರಿದದ್ದನ್ನು ಹೊಲಿದುಕೊಂಡರು, ಕುಡಿದು ಜಗಳ ಆಡಿದರು. ಗುಂಡಿ ಉದುರುವುದು ಇಂಥ ಕೆಲಸಗಳಲ್ಲೇ ಜಾಸ್ತಿ.

ನಂಬರು ಸಿಕ್ಕರೆ ಆ ರೆಜಿಮೆಂಟ್ ಅಲ್ಲಿತ್ತು ಅಂತ ಗ್ಯಾರಂಟಿನಾ?

ಗ್ಯಾರಂಟಿ ಇಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಕಥೆ ಇದೆ.

ಅಮೆರಿಕದ ಪಶ್ಚಿಮ ತುದಿಯಲ್ಲಿ, ಕೊಲಂಬಿಯಾ ನದಿಯ ದಡದಲ್ಲಿ ಫೋರ್ಟ್ ವ್ಯಾಂಕೂವರ್ ಅಂತ ಒಂದು ಕೋಟೆ. ಹಡ್ಸನ್ಸ್ ಬೇ ಕಂಪನಿಯ ತುಪ್ಪಳದ ವ್ಯಾಪಾರದ ಠಾಣೆ. ಆ ಸೀಮೆಯಲ್ಲಿ ವಿಚಿತ್ರವಾದ ಹಿತ್ತಾಳೆ ಗುಂಡಿಗಳು ಸಿಕ್ಕಿವೆ. ನಡುವೆ ಬೆಂಕಿಯಿಂದ ಏಳುವ ಫೀನಿಕ್ಸ್ ಹಕ್ಕಿ, ಕೆಳಗೆ ರೆಜಿಮೆಂಟ್ ನಂಬರು, ಸುತ್ತ ಫ್ರೆಂಚ್ ಭಾಷೆಯಲ್ಲಿ "ನನ್ನ ಬೂದಿಯಿಂದಲೇ ನಾನು ಮತ್ತೆ ಹುಟ್ಟುತ್ತೇನೆ" ಎಂಬ ಬರಹ. ಇದು ಯಾರ ಸೈನ್ಯ? ಬ್ರಿಟಿಷರದ್ದಲ್ಲ, ಫ್ರಾನ್ಸಿನದ್ದೂ ಅಲ್ಲ. ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ 1811ರಲ್ಲಿ ಪಟ್ಟಕ್ಕೆ ಬಂದ ರಾಜ ಆಂರಿ ಕ್ರಿಸ್ಟಾಫ್‌ನ ಸೈನ್ಯದ ಗುಂಡಿ! ಗುಲಾಮರು ದಂಗೆ ಎದ್ದು ಕಟ್ಟಿಕೊಂಡ ದೇಶದ ರಾಜ ಆತ. ತನ್ನ ಸೈನಿಕರಿಗೆ ಗುಂಡಿಗಳನ್ನು ಇಂಗ್ಲೆಂಡಿನಲ್ಲಿ ಮಾಡಿಸಿದ್ದ. 1820ರಲ್ಲಿ ಅವನು ತೀರಿಕೊಂಡ, ರಾಜ್ಯವೂ ಹೋಯಿತು.

ಹೈಟಿಯ ಒಬ್ಬ ಸಿಪಾಯಿಯೂ ಕೊಲಂಬಿಯಾ ನದಿ ನೋಡಿದವನಲ್ಲ. ರಾಜ ಹೋದ ಮೇಲೆ ಬೇಡವಾದ ಸರಕು ವ್ಯಾಪಾರಿಗಳ ಕೈ ಸೇರಿ, ಹಡಗು ಹತ್ತಿ, ಅಲ್ಲಿನ ಮೂಲನಿವಾಸಿಗಳ ಜೊತೆಗಿನ ವಿನಿಮಯದಲ್ಲಿ ಹಂಚಿಹೋಯಿತು ಎಂಬುದು ಹೆಚ್ಚಿನವರ ಅಂದಾಜು. ಹೊಳೆಯುವ ಗುಂಡಿ ಯಾರಿಗೆ ಬೇಡ? ಹಾಗಾಗಿ ನಂಬರು ನೋಡಿದ ತಕ್ಷಣ ಕುಣಿಯಬೇಡಿ. ಸೈನಿಕರ ಹಳೇ ಕೋಟು ಎಲ್ಲಾ ದೇಶದಲ್ಲೂ ಸಂತೆಗೆ ಬರುತ್ತಿತ್ತು. ಕೋಟು ಹೋದಲ್ಲಿ ಗುಂಡಿಯೂ ಹೋಗುತ್ತದೆ.

ನಂಬರು ಅಳಿಸಿಹೋಗಿದೆ, ಅಥವಾ ಇಲ್ಲವೇ ಇಲ್ಲ. ಏನು ಮಾಡುವುದು?

ತಿರುಗಿಸಿ ನೋಡಿ. ನನ್ನ ಅನುಭವದಲ್ಲಿ ಗುಂಡಿಯ ಮುಖಕ್ಕಿಂತ ಬೆನ್ನು ಜಾಸ್ತಿ ಮಾತಾಡುತ್ತದೆ.

ಮೊದಲು ಲೋಹ. ಬೂದು ಬಣ್ಣ, ಮೆತ್ತಗೆ, ಅಂಚು ಪುಡಿ ಪುಡಿ ಅಂದರೆ ಪ್ಯೂಟರ್. ತವರಕ್ಕೆ ಬೇರೆ ಲೋಹ ಬೆರೆಸಿ ಅಚ್ಚಿಗೆ ಹೊಯ್ದದ್ದು. ಬ್ರಿಟಿಷ್ ಸಾಮಾನ್ಯ ಸಿಪಾಯಿಗೆ 1855ರವರೆಗೂ ಇದೇ ಗತಿ, ಆಮೇಲೆ ಹಿತ್ತಾಳೆ ಬಂತು. ಅಧಿಕಾರಿಗಳದ್ದು ಬೇರೆ: ರೆಜಿಮೆಂಟಿಗೆ ತಕ್ಕಂತೆ ಚಿನ್ನದ ಬಣ್ಣ ಅಥವಾ ಬೆಳ್ಳಿ ಬಣ್ಣ. 18ನೇ ಶತಮಾನದಲ್ಲಿ ಅಧಿಕಾರಿಯ ಗುಂಡಿ ಅಂದರೆ ಒಳಗೆ ಮೂಳೆ ಅಥವಾ ಮರದ ಬಿಲ್ಲೆ, ಮೇಲೆ ತೆಳ್ಳಗಿನ ಲೋಹದ ತಗಡು, ಹಿಂದೆ ದಾರದ ಕುಣಿಕೆ. ಮಣ್ಣಿನಲ್ಲಿ ತಗಡು ಒಂದು ಕಡೆ, ಮೂಳೆ ಇನ್ನೊಂದು ಕಡೆ ಸಿಗುತ್ತದೆ. ತೂತಿರುವ ಆ ಮೂಳೆ ಬಿಲ್ಲೆಯನ್ನು ಆಟದ ಕಾಯಿ ಅಂತ ತಿಳಿದವರೂ ಇದ್ದಾರೆ.

ಆಮೇಲೆ ಹಿಂದಿನ ಕೊಂಡಿ. ಪ್ಯೂಟರ್ ಹೊಯ್ಯುವಾಗಲೇ ಒಳಗೆ ಕೂರಿಸಿದ ಕಬ್ಬಿಣದ ತಂತಿಯಾ, ಬೆಸುಗೆ ಹಾಕಿದ ಹಿತ್ತಾಳೆ ತಂತಿಯಾ ನೋಡಿ. ಮುಂದೆ ಒಂದು ತಗಡು, ಹಿಂದೆ ಒಂದು ತಗಡು, ಅಂಚು ಮಡಚಿ ಎರಡನ್ನೂ ಕೂಡಿಸಿದ ಟೊಳ್ಳು ಗುಂಡಿ ಆಗಿದ್ದರೆ ಟಿಪ್ಪುವಿನ ಕಾಲ ಮರೆತುಬಿಡಿ. ಆ ಕೆಲಸ ಇಂಗ್ಲೆಂಡಿನಲ್ಲಿ ಬಂದದ್ದೇ 1813ರ ಸುಮಾರಿಗೆ.

ಕೊನೆಗೆ ಬೆನ್ನ ಮೇಲಿನ ಅಕ್ಷರ. ತಯಾರಕನ ಹೆಸರು, ಬೀದಿಯ ಹೆಸರು ಇದ್ದರೆ ಅದೃಷ್ಟ. ಲಂಡನ್ನಿನ ಫರ್ಮಿನ್ ಮನೆತನದಂಥ ತಯಾರಕರು ಅಂಗಡಿಯ ಜಾಗ, ಪಾಲುದಾರರು ಬದಲಾದ ಹಾಗೆ ಬೆನ್ನಿನ ಬರಹವನ್ನೂ ಬದಲಿಸಿದರು. ಅದರಿಂದ ಕಾಲ ಸಿಗುತ್ತದೆ. ಕೆಲವದರಲ್ಲಿ ಬರೀ "ಡಬಲ್ ಗಿಲ್ಟ್", "ಟ್ರೆಬಲ್ ಗಿಲ್ಟ್" ಅಂತ ಇರುತ್ತದೆ. ಚಿನ್ನದ ಮುಲಾಮು, ಅಂದರೆ ಲೇಪ, ಎಷ್ಟು ದಪ್ಪ ಅನ್ನುವ ಜಾಹೀರಾತು ಅದು. ಮೋಸ ಎಷ್ಟು ಹೆಚ್ಚಿತ್ತು ಅಂದರೆ ಮುಲಾಮಿನ ಗುಂಡಿಗಳ ಮೇಲೆ 1796ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು.

ಟಿಪ್ಪುವಿನ ಸೈನಿಕರ ಗುಂಡಿಗಳು ಯಾಕೆ ಕಾಣಿಸುವುದಿಲ್ಲ?

ಈ ಪ್ರಶ್ನೆ ಕೇಳುವವರು ಕಡಿಮೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಅಂತ ನನಗನ್ನಿಸುತ್ತದೆ.

ನಮ್ಮ ಕಡೆಯ ಹಳೇ ಉಡುಪು ಬಹುಪಾಲು ಕಸೆ ಕಟ್ಟುವಂಥದ್ದು. ಕಸೆ ಅಂಗಿ ಅಂತ ಅಜ್ಜಂದಿರು ಈಗಲೂ ಹೇಳುತ್ತಾರಲ್ಲ, ಅದೇ. ಎದೆಯ ಮೇಲೆ ಮಡಚಿ ಪಕ್ಕದಲ್ಲಿ ದಾರದಿಂದ ಗಂಟು ಹಾಕುವುದು. ಗುಂಡಿ ಇದ್ದರೂ ಬಟ್ಟೆಯನ್ನೇ ಸುತ್ತಿ ಹೊಲಿದದ್ದು. ನಡುವಿಗೆ ಬಟ್ಟೆ, ತಲೆಗೆ ರುಮಾಲು. ಹತ್ತಿ ಬಟ್ಟೆ ನಮ್ಮ ಮಳೆಗೆ, ಗೆದ್ದಲಿಗೆ ಎಷ್ಟು ದಿನ ತಡೆದೀತು? ಟಿಪ್ಪುವಿನ ಪದಾತಿಗಳ ಹುಲಿಪಟ್ಟೆಯ ಅಂಗಿ ಚಿತ್ರಗಳಲ್ಲಿ ಉಳಿದಿದೆ. ಮಣ್ಣಿನಲ್ಲಿ ಅಂಥ ಬಟ್ಟೆ ಉಳಿಯುವುದು ಕಷ್ಟ.

ಇದರ ಪರಿಣಾಮ ಏನು ಗೊತ್ತಾ? ಸಿಕ್ಕಿದ ಗುಂಡಿಗಳನ್ನು ಮಾತ್ರ ಎಣಿಸಿ ಕೋಟೆಯ ಕಥೆ ಬರೆದರೆ, ಅಲ್ಲಿ ಬರೀ ಕೆಂಪು ಕೋಟಿನವರೇ ಇದ್ದರು ಅನ್ನಿಸುತ್ತದೆ. ಕಾದಿದವರು ಎರಡು ಕಡೆಯವರು, ಗುರುತು ಬಿಟ್ಟುಹೋದದ್ದು ಒಂದು ಕಡೆಯವರು. ಮೈಸೂರಿನ ಕಡೆಯವರ ಗುರುತು ಬೇಕಾದರೆ ಬೇರೆ ವಸ್ತು ನೋಡಬೇಕು: ಹುಲಿಪಟ್ಟೆ ಅಥವಾ ಹುಲಿಮುಖ ಇರುವ ಬಂದೂಕಿನ ಭಾಗ, ನಾಣ್ಯ, ರಾಕೆಟ್ಟಿನ ಕಬ್ಬಿಣದ ಕೊಳವೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳು ಬಾವಿಯ ಹೂಳು ತೆಗೆದಾಗ ಸಾವಿರದಷ್ಟು ರಾಕೆಟ್ಟುಗಳು ಬಂದವು. ಅವೇ ಮೈಸೂರಿನ ಗುಂಡಿಗಳು ಅಂದುಕೊಳ್ಳಿ.

ಗುಂಡಿಯ ಜೊತೆ ಇನ್ನೇನು ಸಿಗುತ್ತದೆ?

ಬಕಲ್‌ಗಳು ಬೇಕಾದಷ್ಟು. ಶೂ ಬಕಲ್, ಮೊಣಕಾಲಿನ ಪಟ್ಟಿಯ ಬಕಲ್, ಕತ್ತಿನ ಪಟ್ಟಿಯ ಬಕಲ್. ಎದೆಯ ಮೇಲೆ ಅಡ್ಡ ಹಾಯುವ ಬೆಲ್ಟಿನ ನಡುವೆ ಇರುತ್ತಿದ್ದ ಹಿತ್ತಾಳೆ ಬಿಲ್ಲೆ ಸಿಕ್ಕರೆ ಹಬ್ಬ. ಅದರ ಮೇಲೂ ರೆಜಿಮೆಂಟ್ ಗುರುತು ಇರುತ್ತದೆ. ಹಳೆಯವು ಮೊಟ್ಟೆಯಾಕಾರ, ಆಮೇಲಿನವು ಚೌಕ. ಅಧಿಕಾರಿಗಳು ಕೊರಳಿಗೆ ಹಾಕುತ್ತಿದ್ದ ಅರ್ಧಚಂದ್ರದ ಬಿಲ್ಲೆಯನ್ನು ಬ್ರಿಟಿಷರು 1830ರಲ್ಲಿ ಕೈಬಿಟ್ಟರು. ಅದು ಸಿಕ್ಕರೆ ಕಾಲ ಅದಕ್ಕಿಂತ ಹಿಂದಿನದು ಅಂತ ತಿಳಿಯಬಹುದು.

ಬಂದೂಕಿನ ಭಾಗಗಳಲ್ಲಿ ಕಂಪನಿಯ ಗುರುತು ಹುಡುಕಿ. 1808ರವರೆಗೆ ಕಂಪನಿಯ ಬಂದೂಕಿನ ಚಾಪಿನ ತಗಡಿನ ಮೇಲೆ ಹೃದಯದ ಆಕಾರದ ಮುದ್ರೆ, ಒಳಗೆ ಕಂಪನಿಯ ಹೆಸರಿನ ಮೊದಲಕ್ಷರಗಳು. ಆಮೇಲೆ ಹಿಂಗಾಲಿನ ಮೇಲೆ ನಿಂತ ಸಿಂಹ. ಕಿಡಿ ಹಾರಿಸುವ ಚಕಮಕಿ ಕಲ್ಲು, ಅದಕ್ಕೆ ಸುತ್ತಿದ ಸೀಸದ ತಗಡು, ಶೂ ಹಿಮ್ಮಡಿಯ ಕಬ್ಬಿಣ ಇವೂ ಸಿಗುತ್ತವೆ. ತುಕ್ಕು ಹಿಡಿದ ಕಬ್ಬಿಣದ ಮುದ್ದೆ ಕಂಡರೆ ಎಸೆಯುವುದಿಲ್ಲ. ಎಕ್ಸ್‌ರೇ ಹಾಕಿದರೆ ಒಳಗೆ ಬಕಲ್ ಇರಬಹುದು.

ನನ್ನ ಗುಂಡಿಯಲ್ಲಿ ಕಿರೀಟ ಇದೆ. ತುಂಬಾ ಹಳೆಯದು ಅಲ್ವಾ?

ನಿರಾಸೆ ಮಾಡುತ್ತಿದ್ದೇನೆ, ಕ್ಷಮಿಸಿ. ಜನ ತೋರಿಸುವ ಹತ್ತು ಗುಂಡಿಗಳಲ್ಲಿ ಏಳೆಂಟು ಎರಡನೇ ಮಹಾಯುದ್ಧದ ಆಸುಪಾಸಿನವು. ಕಿರೀಟದ ಕಮಾನು ಗುಮ್ಮಟದ ಹಾಗೆ ಉಬ್ಬಿದ್ದರೆ ಅದು ರಾಜರ ಕಾಲದ ಕಿರೀಟ, 1902ರಿಂದ ಈಚಿನದು. ರಾಣಿ ವಿಕ್ಟೋರಿಯಾಳ ಕಾಲದ್ದು ಬೇರೆ ಆಕಾರ. ನಂಬರಿಲ್ಲದೆ ಬರೀ ಬ್ರಿಟಿಷ್ ರಾಜಲಾಂಛನ ಇದ್ದರೆ 1871ರ ನಂತರದ್ದು. ಆ ವರ್ಷ ಸಿಪಾಯಿಗಳ ರೆಜಿಮೆಂಟ್ ನಂಬರ್ ಗುಂಡಿ ನಿಲ್ಲಿಸಿ ಎಲ್ಲರಿಗೂ ಒಂದೇ ಗುಂಡಿ ಕೊಟ್ಟರು. ಸಂಗ್ರಹ ಮಾಡುವವರು ಇದಕ್ಕೆ ಇವತ್ತಿಗೂ ಗೊಣಗುತ್ತಾರೆ. ಗಂಡಭೇರುಂಡ ಇದ್ದರೆ ಮೈಸೂರು ಸಂಸ್ಥಾನದ ಕಡೆಯದ್ದು. ಅದು ನನಗೆ ಕಿರೀಟಕ್ಕಿಂತ ಖುಷಿ ಕೊಡುತ್ತದೆ.

ನೆಪೋಲಿಯನ್ನನ ಸೈನ್ಯದ ತವರದ ಗುಂಡಿ ಚಳಿಗೆ ಪುಡಿಯಾಗಿದ್ದರಿಂದ ಅವನು ರಷ್ಯಾದಲ್ಲಿ ಸೋತನಂತೆ. ನಿಜವಾ?

ಕೇಳಲು ಚಂದ. ಅಪ್ಪಟ ತವರ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿಧಾನವಾಗಿ ಬೂದು ಪುಡಿಯಾಗುವುದು ನಿಜ. ಆದರೆ ಅದಕ್ಕೆ ತುಂಬಾ ಸಮಯ ಬೇಕು. ಬೇರೆ ಲೋಹ ಬೆರೆತಿದ್ದರೆ ಇನ್ನೂ ನಿಧಾನ. 2001ರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಆ ಸೈನ್ಯದ ಸಾವಿರಾರು ಜನರ ಸಾಮೂಹಿಕ ಸಮಾಧಿ ಸಿಕ್ಕಿತು. ಜೊತೆಗೆ ರೆಜಿಮೆಂಟ್ ನಂಬರಿನ ಗುಂಡಿಗಳೂ ಸಿಕ್ಕವು. ಸತ್ತವರು ಯಾವ ಪಡೆಯವರು ಅಂತ ಗೊತ್ತಾಗಿದ್ದೇ ಅವುಗಳಿಂದ. ಪುಡಿಯಾಗಿದ್ದರೆ ಓದುವುದು ಹೇಗೆ?

ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳೆಯುತ್ತಾ?

ಹೊಳೆಯುತ್ತದೆ. ಅದಕ್ಕೇ ಮಾಡಬೇಡಿ!

ದೇವರ ದೀಪಕ್ಕೆ ಹುಣಸೆಹಣ್ಣು ಸರಿ, ಇದಕ್ಕಲ್ಲ. ಹುಳಿ ಕಿಲುಬನ್ನು ಮಾತ್ರ ತೆಗೆಯುವುದಿಲ್ಲ. ಅದರ ಜೊತೆ ಅಳಿದುಳಿದ ಮುಲಾಮು, ಸವೆದ ಅಕ್ಷರದ ಕೊನೆಯ ಗೆರೆ ಎಲ್ಲಾ ಹೋಗುತ್ತದೆ. ಪಾತ್ರೆ ಪುಡಿ, ನಿಂಬೆಹುಳಿ, ಬ್ರಷ್ಷು ಯಾವುದೂ ಬೇಡ. ಪ್ಯೂಟರನ್ನಂತೂ ಬೆರಳಿನಿಂದ ಉಜ್ಜಿದರೂ ಪದರ ಏಳುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ತಾಮ್ರದ ಅಂಶಕ್ಕೆ ಬಟ್ಟೆ ಕೊಳೆಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಹಾಗಾಗಿ ಕೋಟು ಪೂರ್ತಿ ಮಣ್ಣಾಗಿದ್ದರೂ ಗುಂಡಿಯ ಕೊಂಡಿಯಲ್ಲಿ ಒಂದೆರಡು ಎಳೆ ದಾರ, ಹಿಂದೆ ಕಾಳಿನಷ್ಟು ಬಟ್ಟೆ ಉಳಿದಿರಬಹುದು. ಆ ಎಳೆಯಿಂದ ಉಣ್ಣೆಯಾ ಹತ್ತಿಯಾ ಗೊತ್ತಾಗುತ್ತದೆ. ಕೆಲವೊಮ್ಮೆ ಬಣ್ಣವೂ ಗೊತ್ತಾಗುತ್ತದೆ. ನಲ್ಲಿ ಕೆಳಗೆ ಹಿಡಿದಿರೋ, ಮುಗಿಯಿತು.

ಗಟ್ಟಿಯಾದ ಕಡು ಹಸಿರು ಬಣ್ಣ ಇದ್ದರೆ ಹೆದರಬೇಕಿಲ್ಲ, ಅದು ಲೋಹಕ್ಕೆ ಹೊದಿಕೆ. ತೆಳು ಹಸಿರು ಪುಡಿ ಉದುರುತ್ತಿದ್ದರೆ ಒಳಗೆ ಉಪ್ಪಿನಂಶ ಸೇರಿ ಲೋಹ ತಿನ್ನುತ್ತಿದೆ ಅಂತ ಅರ್ಥ. ಒಣಗಿದ ಡಬ್ಬಿಯಲ್ಲಿ, ಹೊಸ ಶೂ ಪೆಟ್ಟಿಗೆಯಲ್ಲಿ ಬರುತ್ತದಲ್ಲ ಆ ಸಿಲಿಕಾ ಪೊಟ್ಟಣದ ಜೊತೆ ಇಟ್ಟು, ವಸ್ತುಸಂರಕ್ಷಣೆ ಗೊತ್ತಿರುವವರಿಗೆ ತೋರಿಸಿ.

ಕೋಟೆ ನೋಡಲು ಹೋದಾಗ ನೆಲದ ಮೇಲೆ ಗುಂಡಿ ಕಂಡರೆ?

ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಹತ್ತಿರದ ಗೋಡೆ, ಬುರುಜು, ಮರ ಏನಾದರೂ ಒಂದು ಚಿತ್ರದಲ್ಲಿ ಬರಲಿ. ಫೋನಿನಲ್ಲಿ ಜಾಗದ ಗುರುತು ಹಾಕಿಕೊಳ್ಳಿ. ಅಲ್ಲಿನ ಪುರಾತತ್ವ ಸಿಬ್ಬಂದಿಗೆ ತಿಳಿಸಿ.

ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಅಪರಾಧ. ಮೆಟಲ್ ಡಿಟೆಕ್ಟರ್ ಹಿಡಿದು ಬಂದವರೂ ಕೊನೆಗೆ ಅಗೆಯಲೇಬೇಕಲ್ಲ. ಸ್ವಂತ ಹೊಲದಲ್ಲಿ ಸಿಕ್ಕರೂ "ನನ್ನ ನೆಲ, ನನ್ನ ಗುಂಡಿ" ಅನ್ನುವ ಹಾಗಿಲ್ಲ. 1878ರ ನಿಧಿ ಕಾಯ್ದೆ ಇನ್ನೂ ಇದೆ. ನೆಲದಲ್ಲಿ ಹುದುಗಿದ್ದ ವಸ್ತುವಿನ ಬೆಲೆ 10 ರೂಪಾಯಿ ದಾಟಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 10 ರೂಪಾಯಿಗೆ ಈಗ ಒಳ್ಳೇ ಕಾಫಿ ಬರುವುದಿಲ್ಲ, ಆದರೆ ಕಾನೂನಿನಲ್ಲಿ ಇರುವುದು ಅಷ್ಟೇ.

ಮಾರಿದರೆ ಎಷ್ಟು ಬರುತ್ತದೆ?

ನಾನು ಬೆಲೆ ಹೇಳುವುದಿಲ್ಲ. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದ ಹೊರಗೆ ಕಳಿಸುವಂತಿಲ್ಲ.

ಆನ್‌ಲೈನ್‌ನಲ್ಲಿ ಸಿಗುವವು ಅಸಲಿನಾ?

ಹಳೇ ಯುದ್ಧಗಳನ್ನು ವೇಷ ಹಾಕಿ ಆಡುವವರಿಗೆ, ಸಿನಿಮಾಗಳಿಗೆ ಅಂತ ಹೊಸ ಗುಂಡಿ ತಯಾರಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಅದನ್ನೇ ಮಣ್ಣಿನಲ್ಲಿ ಹೂತು ಹಳೆಯದು ಅಂತ ಮಾರಿದರೆ ತಪ್ಪು. ಮುಖ ಸವೆದು ಕೊಂಡಿ ಮಾತ್ರ ಹೊಸದಾಗಿದ್ದರೆ ಅನುಮಾನ ಪಡಿ. ಕೋಟೆ ಬಾಗಿಲಲ್ಲಿ "ಟಿಪ್ಪು ಕಾಲದ್ದು ಸಾರ್" ಅಂತ ಕಿವಿಯಲ್ಲಿ ಹೇಳುವವರ ಬಗ್ಗೆ ನಾನು ಹೇಳಬೇಕಿಲ್ಲ.

ನಾನು ಕೆನಡಾದ ವಿನ್ನಿಪೆಗ್‌ನಲ್ಲಿದ್ದೇನೆ. ಇಲ್ಲಿ ಡಿ ಮ್ಯೂರನ್ ಹೆಸರಿನ ರಸ್ತೆ ಇದೆ. ಶ್ರೀರಂಗಪಟ್ಟಣದ ಗೋರಿಗಳ ಮೇಲೂ ಅದೇ ಹೆಸರು ನೋಡಿದ ನೆನಪು. ಸಂಬಂಧ ಇದೆಯಾ?

ಇದೆ! ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಡಿ ಮ್ಯೂರನ್ ಎಂಬಾತ 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಬಾಡಿಗೆ ರೆಜಿಮೆಂಟ್ ಅದು. 1795ರಲ್ಲಿ ಬ್ರಿಟಿಷರ ಕಡೆ ಬಂತು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿತ್ತು, ಆಮೇಲೆ ಕಾವಲಿಗೂ ಉಳಿಯಿತು. ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಲ್ಲಿ ನೀವು ನೋಡಿದ್ದು ಅವರ ಗೋರಿಗಳನ್ನೇ.

ಬದುಕಿದವರು ಇಲ್ಲಿಂದ ಯುರೋಪಿಗೆ ಹೋದರು. 1813ರಲ್ಲಿ ರೆಜಿಮೆಂಟನ್ನು ಮಾಲ್ಟಾದಿಂದ ಕೆನಡಾಕ್ಕೆ ಕಳಿಸಿದರು. ಅಷ್ಟರಲ್ಲಿ ಎಷ್ಟೋ ಜನ ಹೊಸಬರು ಸೇರಿದ್ದರು, ಹೆಸರು ಮಾತ್ರ ಅದೇ. 1816ರಲ್ಲಿ ಪಡೆಯನ್ನು ಬರಖಾಸ್ತು ಮಾಡಿದರು. ಕೆಲಸ ಹೋದವರಲ್ಲಿ ನೂರರಷ್ಟು ಜನರನ್ನು, ರೆಡ್ ನದಿ ದಡದಲ್ಲಿ ವಲಸಿಗರ ವಸಾಹತು ಕಟ್ಟಿದ್ದ ಲಾರ್ಡ್ ಸೆಲ್ಕರ್ಕ್ ಕೂಲಿಗೆ ಹಿಡಿದ. ಅವರು ಆ ಆಗಸ್ಟ್‌ನಲ್ಲಿ ಅವನ ಎದುರಾಳಿ ತುಪ್ಪಳದ ಕಂಪನಿಯ ಫೋರ್ಟ್ ವಿಲಿಯಂ (ಕಲ್ಕತ್ತಾದ್ದಲ್ಲ, ಕೆನಡಾದ್ದು) ಹಿಡಿದರು. ಮರುವರ್ಷ ಚಳಿಗಾಲದ ಹಿಮದಲ್ಲಿ ನಡೆದು ಬಂದು ರೆಡ್ ನದಿ ದಡದ ಫೋರ್ಟ್ ಡಗ್ಲಸ್ ವಶಕ್ಕೆ ತೆಗೆದುಕೊಂಡರು. ಅದೇ ಈಗಿನ ವಿನ್ನಿಪೆಗ್. ಅಲ್ಲೇ ನೆಲೆ ನಿಂತವರ ಹೆಸರು ಸೇಂಟ್ ಬೋನಿಫೇಸ್‌ನ ಆ ರಸ್ತೆಗೆ ಉಳಿಯಿತು. ಇನ್ನೊಮ್ಮೆ ಊರಿಗೆ ಬಂದಾಗ ಸ್ಮಶಾನಕ್ಕೂ ಹೋಗಿ ಬನ್ನಿ. ಬೆಳಗ್ಗೆ ಬೇಗ ಹೋದರೆ ಬಿಸಿಲು ಕಡಿಮೆ, ಕಲ್ಲಿನ ಅಕ್ಷರ ಚೆನ್ನಾಗಿ ಓದಬಹುದು.